ಆಗಸ್ಟ್ ಮಳೆಯಲ್ಲಿ ಚಿಕ್ಕಮಗಳೂರು ಕಡೆ ಫ್ರ್ಯಾಕ್ಟಲ್ ಫೋಟೊ ತೆಗೆಯುವುದು ಹೇಗೆ?

ಆಗಸ್ಟ್‌ನಲ್ಲಿ ಎರಡು ದಿನ ಚಿಕ್ಕಮಗಳೂರು, ಮೂಡಿಗೆರೆ ಕಡೆ ಬರುತ್ತೀರಿ, ಕೈಲಿರುವುದು 18-55 ಕಿಟ್ ಲೆನ್ಸಿನ ಕ್ಯಾಮೆರಾ ಮತ್ತು ಫೋನು, ಹೋದ ಸಲ ತೆಗೆದ ಜರಿಗಿಡಗಳೆಲ್ಲ (ಫರ್ನ್) ಬರೀ ಹಸಿರು ಗೋಜಲಾಗಿ ಬಂದವು ಅಂತ ಬರೆದಿದ್ದೀರಿ. ಮ್ಯಾಕ್ರೊ ಲೆನ್ಸ್ (ತೀರ ಹತ್ತಿರದಿಂದ ತೆಗೆಯುವ ಲೆನ್ಸು) ಕೊಳ್ಳಬೇಕೇ ಅಂತಲೂ ಕೇಳಿದ್ದೀರಿ. ಈಗಲೇ ಬೇಡ. ಗೋಜಲಿಗೆ ಕಾರಣ ಲೆನ್ಸಲ್ಲ.

ಒಂದೇ ಆಕಾರ ಕಡಿಮೆಯೆಂದರೂ ಮೂರು ಅಳತೆಗಳಲ್ಲಿ ಒಟ್ಟಿಗೆ ಕಂಡಾಗ ಮಾತ್ರ ನೋಡುವವರಿಗೆ ಅದು ಫ್ರ್ಯಾಕ್ಟಲ್ ಅನ್ನಿಸುತ್ತದೆ. ಜರಿಗಿಡದಲ್ಲಿ ಇಡೀ ಗರಿ ಒಂದು, ಅದರ ಇಕ್ಕೆಲದ ಕಿರುಗರಿ ಎರಡು, ಕಿರುಗರಿಯ ಎಲೆಹಲ್ಲು ಮೂರು. 1975ರಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಹೆಸರಿಟ್ಟ ಗಣಿತದ ಫ್ರ್ಯಾಕ್ಟಲ್ ಒಳಗೊಳಗೇ ಕೊನೆಯಿಲ್ಲದೆ ಸಾಗುತ್ತದೆ. ಗಿಡದ್ದು ಮೂರೋ ನಾಲ್ಕೋ ಮೆಟ್ಟಿಲಿಗೆ ಮುಗಿಯುತ್ತದೆ. ಹಾಗಾಗಿ ಕೊನೆಯ ಮೆಟ್ಟಿಲು ಮಸುಕಾದರೆ ಉಳಿಯುವುದು ಬರೀ ಎಲೆ. ಮುಂದೆ ಹೇಳುವುದೆಲ್ಲ ಆ ಮೂರನೇ ಮೆಟ್ಟಿಲನ್ನು ಉಳಿಸಿಕೊಳ್ಳುವ ಉಪಾಯ. (ಸೂರ್ಯಕಾಂತಿ ಹೂವಿನ ಸುರುಳಿಯನ್ನೂ ಜೇಡರ ಬಲೆಯನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ. ಚೆಂದದ ವಿನ್ಯಾಸಗಳೇ, ಆದರೆ ಫ್ರ್ಯಾಕ್ಟಲ್ ಅಲ್ಲ.)

ಆಗಸ್ಟ್‌ನಲ್ಲಿ ಜರಿಗಿಡ ಹುಡುಕಲು ಕಾಡಿನೊಳಗೆ ಹೋಗಬೇಕಿಲ್ಲ. ಕೊಟ್ಟಿಗೆಹಾರ, ಚಾರ್ಮಾಡಿ ಕಡೆಯ ರಸ್ತೆ ಬದಿಯ ದರೆಗಳಲ್ಲೇ (ಗುಡ್ಡ ಕಡಿದ ಮಣ್ಣಿನ ಗೋಡೆ) ಬೇಕಾದಷ್ಟಿವೆ, ಅದೂ ಕಣ್ಣಿನ ಮಟ್ಟದಲ್ಲಿ. ಹೊಸದಾಗಿ ಜರಿದ ದರೆಯ ಕೆಳಗೆ ಮಾತ್ರ ನಿಲ್ಲಬೇಡಿ. ತಿರುವಿನಲ್ಲಿ ಟ್ರೈಪಾಡ್ ಇಡಬೇಡಿ. ತೋಟದೊಳಗೆ ಹೋಗುವುದಾದರೆ ಮೊದಲು ರೈಟರನ್ನು (ತೋಟದ ಮೇಲ್ವಿಚಾರಕ) ಕೇಳಿ. ಒಂದೇ ಸಲ ಸೀಳಿದ, ಬಾಚಣಿಗೆಯಂಥ ಗರಿಯ ಜಾತಿ ನಮಗೆ ಬೇಡ, ಅದರಲ್ಲಿರುವುದು ಎರಡೇ ಮೆಟ್ಟಿಲು. ಎರಡು ಮೂರು ಸಲ ಸೀಳಿದ, ಕಸೂತಿಯಂತೆ ಕಾಣುವ ಗರಿ ಆರಿಸಿ. ಇಡೀ ಗರಿ ಫ್ರೇಮಿಗೆ ಬರಲೇಬೇಕೆಂಬ ಹಟವೂ ಬೇಡ. ತುದಿಯ ಆರೇಳು ಸೆಂ.ಮೀ. ಸಾಕು, ಆ ತುದಿಯೇ ಇಡೀ ಗರಿಯ ಪಡಿಯಚ್ಚು.

ಈಗ ಲೆಕ್ಕ. 55 ಮಿ.ಮೀ.ಗೆ ಜೂಮ್ ಮಾಡಿ ಆದಷ್ಟು ಹತ್ತಿರ ಹೋದರೆ ಕಿಟ್ ಲೆನ್ಸು ವಸ್ತುವನ್ನು ಸೆನ್ಸರ್ ಮೇಲೆ ಸುಮಾರು ಮೂರನೇ ಒಂದರಷ್ಟು ಗಾತ್ರದಲ್ಲಿ ಮೂಡಿಸುತ್ತದೆ. ಎಪಿಎಸ್-ಸಿ ಸೆನ್ಸರಾದರೆ (ಕಿಟ್ ಲೆನ್ಸಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಅಳತೆ) ಫ್ರೇಮಿನ ಅಗಲ ಹತ್ತಿರ ಹತ್ತಿರ 7 ಸೆಂ.ಮೀ. ಅಷ್ಟು ಹತ್ತಿರದಲ್ಲಿ ಎಫ್ 8ಕ್ಕೆ (ಎಫ್ ಅಂದರೆ ಲೆನ್ಸಿನ ಬೆಳಕಿನ ಕಿಂಡಿಯ, ಅಪರ್ಚರಿನ, ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಸ್ಪಷ್ಟವಾಗಿ ಸಿಗುವ ಆಳ ಸುಮಾರು 4 ಮಿ.ಮೀ., ಎಫ್ 11ಕ್ಕೆ 5. ಗರಿ ಕ್ಯಾಮೆರಾಕ್ಕೆ ಬರೀ 5 ಡಿಗ್ರಿ ಓರೆಯಾಗಿದ್ದರೂ 7 ಸೆಂ.ಮೀ. ಅಗಲದಲ್ಲಿ ಆ ತುದಿಗೂ ಈ ತುದಿಗೂ 6 ಮಿ.ಮೀ. ವ್ಯತ್ಯಾಸ. ಅಂದರೆ ನಡುವೆ ಫೋಕಸ್ ಮಾಡಿದರೆ ಎರಡೂ ಅಂಚು ಮಸುಕು. ನಿಮ್ಮ ಗೋಜಲಿನ ಮೂಲ ಬಹುಶಃ ಇದೇ. ಎಫ್ 22ಕ್ಕೆ ಹೋಗಿ ಇದನ್ನು ಸರಿಪಡಿಸಲು ಹೊರಟರೆ ಬೆಳಕು ಸಣ್ಣ ಕಿಂಡಿಯಲ್ಲಿ ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 8ರಿಂದ 11ರೊಳಗೇ ಇರಿ, ಕ್ಯಾಮೆರಾದ ಬೆನ್ನು ಗರಿಗೆ ಸಮಾನಾಂತರವಾಗಿರಲಿ. ಪಕ್ಕಕ್ಕೆ ಸರಿದು ನಿಂತು, ಗೋಡೆಗೆ ಫೋಟೊ ನೇತುಹಾಕುವಾಗ ನೋಡುವ ಹಾಗೆ, ಎರಡೂ ಒಂದೇ ನೇರದಲ್ಲಿವೆಯೇ ನೋಡಿ. ಆಮೇಲೆ ಲೈವ್ ವ್ಯೂ (ಪರದೆಯ ಮೇಲಿನ ನೇರ ನೋಟ) ಹಾಕಿ, ಹತ್ತು ಪಟ್ಟು ಹಿಗ್ಗಿಸಿ, ನಾಲ್ಕೂ ಮೂಲೆ ಪರೀಕ್ಷಿಸಿ. ಮಧ್ಯಭಾಗ ನೋಡಿ ಕ್ಲಿಕ್ ಮಾಡುವುದೇ ಎಲ್ಲರೂ ಮಾಡುವ ತಪ್ಪು.

ಇನ್ನೂ ಹತ್ತಿರ ಬೇಕೆಂದರೆ 12 ಮಿ.ಮೀ.ನ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂಡಿಸುವ ಖಾಲಿ ಕೊಳವೆ) ಹಾಕಿ. ಫ್ರೇಮು 4 ಸೆಂ.ಮೀ. ಸುಮಾರಿಗೆ ಇಳಿಯುತ್ತದೆ. ಎಲೆಕ್ಟ್ರಿಕ್ ಸಂಪರ್ಕ ಇರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಈಗಿನ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸಲಾಗದು.

ಮಂಜು ಮುಸುಕಿದ ಬೆಳಕು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ನೆರಳೇ ಬೀಳುವುದಿಲ್ಲ. ತೊಂದರೆ ಹಿನ್ನೆಲೆಯದು: ಗರಿಯ ಹಿಂದೆ ಇನ್ನೊಂದು ಗರಿ, ಅದರ ಹಿಂದೆ ಮತ್ತೊಂದು. ಇದಕ್ಕೆ ಕಪ್ಪು ಕೊಡೆಗಿಂತ ಒಳ್ಳೆಯ ಸಾಧನ ನಾ ಕಾಣೆ. ಬಿಚ್ಚಿದ ಕೊಡೆಯನ್ನು ಗರಿಯ ಹಿಂದೆ ಒಂದು ಅಡಿ ದೂರದಲ್ಲಿ ಒರಗಿಸಿದರೆ ಹಿನ್ನೆಲೆಯೂ ಆಯಿತು, ಗಾಳಿಗೆ ಮರೆಯೂ ಆಯಿತು. ಮಳೆ ಹನಿದರೆ ತಲೆಗೂ ಬಂತು. ಒಂದು ಬಿಳಿ ಪಂಚೆಯಿದ್ದರೆ ಮಡಿಚಿ ಗರಿಯ ಕೆಳಗೆ ಹಾಸಿ, ಅಡಿಯ ಕತ್ತಲೆ ತಿಳಿಯಾಗುತ್ತದೆ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಎಲೆಹಲ್ಲುಗಳನ್ನು ನುಂಗಿಬಿಡುತ್ತದೆ. ಪೋಲರೈಸರ್ (ಹೊಳಪು ತಗ್ಗಿಸುವ, ಲೆನ್ಸಿನ ಮುಂದೆ ಹಾಕುವ ಫಿಲ್ಟರ್) ತಿರುಗಿಸಿ ಅದನ್ನು ಕೊಲ್ಲಿ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ಹೋಗುತ್ತದೆ, ಹೋಗಲಿ. ಕಪ್ಪು ಹಿನ್ನೆಲೆಯಲ್ಲಿ ಕ್ಯಾಮೆರಾ ಮೋಸಹೋಗಿ ಹಸಿರನ್ನು ಸುಡುತ್ತದೆ. ಎಕ್ಸ್‌ಪೋಷರನ್ನು ಮೈನಸ್ ಒಂದಕ್ಕೆ ಇಳಿಸಿ.

ಶಟರ್ ವೇಗ ಗಾಳಿಯ ಮೇಲೆ. ಗರಿ ತೂಗುತ್ತಿದ್ದರೆ ಸೆಕೆಂಡಿನ 1/200ಕ್ಕಿಂತ ಕೆಳಗೆ ಇಳಿಯಬೇಡಿ. ಮರದಡಿಯ ಮಬ್ಬಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 2000, 3200 ಆದರೂ ಚಿಂತೆಯಿಲ್ಲ: ನಾಯ್ಸ್ (ಚಿತ್ರದಲ್ಲಿ ಕಾಳುಕಾಳು) ಇದ್ದರೂ ಆಕಾರ ಕಾಣುತ್ತದೆ, ಅಲುಗಿದರೆ ಆಕಾರವೇ ಇಲ್ಲ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಹಲವು ಫೋಟೊಗಳನ್ನು ಒಂದಾಗಿಸುವುದು) ಮಾಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಆಗಸ್ಟ್ ಗಾಳಿಯಲ್ಲಿ ಹೊರಗೆ ಅದು ಆಗದ ಮಾತು. ಎರಡು ಫೋಟೊ ನಡುವೆಯೇ ಗರಿ ಜಾಗ ಬದಲಿಸಿರುತ್ತದೆ. ಇಷ್ಟೆಲ್ಲ ಮಾಡಲು ದರೆಯ ಪಕ್ಕ ಹತ್ತು ನಿಮಿಷ ಮಂಡಿಯೂರುತ್ತೀರಲ್ಲ, ಉಂಬಳಗಳಿಗೆ (ರಕ್ತ ಹೀರುವ ಜಿಗಣೆ) ಅಷ್ಟು ಸಾಕು. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳಿ.

ಫೋನಿನಲ್ಲಾದರೆ ಮ್ಯಾಕ್ರೊ ಮೋಡ್ ಬಿಟ್ಟುಬಿಡಿ. ಬಹಳಷ್ಟು ಫೋನುಗಳಲ್ಲಿ ಅದಕ್ಕೆ ಬಳಸುವುದು ದುರ್ಬಲ ಕ್ಯಾಮೆರಾ. ಮುಖ್ಯ ಕ್ಯಾಮೆರಾದಲ್ಲಿ ಎರಡು ಪಟ್ಟು ಜೂಮ್ ಹಾಕಿ, ಸ್ವಲ್ಪ ಹಿಂದೆ ಸರಿದು ತೆಗೆಯಿರಿ. ಸಾಧ್ಯವಿದ್ದರೆ ರಾ ಫೈಲ್ (ಫೋನು ತಿದ್ದದ ಮೂಲಚಿತ್ರ) ಉಳಿಸಿ, ಏಕೆಂದರೆ ಫೋನು ತಾನಾಗೇ ಅಂಚುಗಳನ್ನು ಚೂಪುಮಾಡಿ ಪ್ರತಿ ಎಲೆಹಲ್ಲಿಗೂ ಬಿಳಿ ಗೆರೆ ಎಳೆದಿರುತ್ತದೆ.

ಎರಡೂ ದಿನ ಹೊರಗೆ ಕಾಲಿಡಲಾಗದ ಮಳೆ ಬಂದರೆ? ಸಂತೆಯಿಂದ ಒಂದು ಹೂಕೋಸು ತನ್ನಿ. ತಮಾಷೆಯಲ್ಲ, ಕಲಿಯಲು ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಇಡೀ ಕೋಸು, ಅದರಿಂದ ಮುರಿದ ಒಂದು ಗೊಂಚಲು, ಆ ಗೊಂಚಲಿನಿಂದ ಮುರಿದ ಒಂದು ಚೂರು: ಮೂರನ್ನೂ ಒಂದೇ ಬಟ್ಟೆಯ ಮೇಲೆ, ಕಿಟಕಿಯ ಒಂದೇ ಅಡ್ಡಬೆಳಕಿನಲ್ಲಿ, ಫ್ರೇಮಿನ ಮುಕ್ಕಾಲು ಭಾಗ ತುಂಬುವಂತೆ ತೆಗೆಯಿರಿ. ಅಕ್ಕಪಕ್ಕ ಇಟ್ಟರೆ ಯಾವುದು ದೊಡ್ಡದು ಎಂದು ಹೇಳುವುದೇ ಕಷ್ಟ. ಇಲ್ಲಿ ನೆರಳು ಬೇಕು, ಸೀಳುಗಳು ಕಾಣುವುದೇ ನೆರಳಿನಿಂದ. ಫ್ಲ್ಯಾಷ್ ಹಾಕಿದರೆ ಬಿಳಿ ಮುದ್ದೆ. ಗಾಳಿಯಿಲ್ಲದ್ದರಿಂದ ಸ್ಟ್ಯಾಕಿಂಗ್ ಇಲ್ಲಿ ನಡೆಯುತ್ತದೆ: ಟ್ರೈಪಾಡ್, 2 ಸೆಕೆಂಡ್ ಟೈಮರ್, ಮ್ಯಾನ್ಯುಯಲ್ ಫೋಕಸ್, ಪ್ರತಿ ಫೋಟೊಗೂ ಫೋಕಸನ್ನು 2-3 ಮಿ.ಮೀ. ಹಿಂದಕ್ಕೆ ಸರಿಸುತ್ತಾ ಹೋಗಿ.

ಬೇಸಿಗೆಯಲ್ಲಿ ಬಂದರೆ ಹಾಸನದ ಕಡೆ ತಿರುಗಿ. ಹೇಮಾವತಿ ಹಿನ್ನೀರು ಇಳಿದಾಗ, ಶೆಟ್ಟಿಹಳ್ಳಿ ಸುತ್ತಮುತ್ತ, ಹೂಳಿನ ಮೇಲೆ ನೀರು ಕೊರೆದ ಕವಲುಗಳನ್ನು ಹುಡುಕಿ. ನದಿಯ ನಕ್ಷೆಯೇ ಅಂಗೈಯಗಲದಲ್ಲಿ ಸಿಕ್ಕಂತೆ. ಬೆಳಿಗ್ಗೆ ಎಂಟರೊಳಗಿನ ಓರೆ ಬಿಸಿಲಿನಲ್ಲಿ, ನೆಟ್ಟಗೆ ಮೇಲಿನಿಂದ ತೆಗೆಯಬೇಕು. ನೀರಂಚಿನ ಹೂಳು ಕಾಲು ಹೂತುಹೋಗುವಂಥದ್ದು, ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ.

ಎಡಿಟಿಂಗ್‌ನಲ್ಲಿ ಹಸಿರಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಬೇಡಿ, ಇಳಿಸಿ. ಏರಿಸಿದಷ್ಟೂ ಛಾಯೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನನ್ನ ಕೇಳಿದರೆ ಜರಿಗಿಡವನ್ನು ಕಪ್ಪು-ಬಿಳುಪು ಮಾಡಿ, ಹಳದಿ ಮತ್ತು ಹಸಿರು ಸ್ಲೈಡರುಗಳಿಂದಲೇ ಬೆಳಕು ಹೊಂದಿಸುವುದು ಮೇಲು.

ತೆಗೆದದ್ದು ಎಷ್ಟು ಫ್ರ್ಯಾಕ್ಟಲ್ ಎಂದು ಅಳೆಯುವ ಹುಚ್ಚಿದ್ದರೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶವಿದೆ. ಫೋಟೊವನ್ನು 8-ಬಿಟ್ (ಬೂದುಬಣ್ಣದ ಚಿತ್ರ) ಮಾಡಿ, ಥ್ರೆಶೋಲ್ಡ್ ಹಾಕಿ ಬರೀ ಕಪ್ಪು-ಬಿಳಿಗೆ ಇಳಿಸಿ, ಅನಲೈಸ್ ಮೆನುವಿನ ಟೂಲ್ಸ್‌ನಲ್ಲಿರುವ ಫ್ರ್ಯಾಕ್ಟಲ್ ಬಾಕ್ಸ್ ಕೌಂಟ್ ಒತ್ತಿ. ಅದು ಕೊಡುವ ಸಂಖ್ಯೆ ಗೆರೆಗೆ 1, ತುಂಬಿದ ಚೌಕಕ್ಕೆ 2. ನಿಮ್ಮ ಗರಿಯ ಉತ್ತರ ಇವೆರಡರ ನಡುವೆ ಎಲ್ಲೋ ಬರುತ್ತದೆ. ಹಿನ್ನೆಲೆಯ ಇನ್ನೊಂದು ಗರಿ ಕಪ್ಪಿನಲ್ಲಿ ಸೇರಿಕೊಂಡರೆ ಸಂಖ್ಯೆ ಸುಳ್ಳಾಗುತ್ತದೆ. ಕೊಡೆ ಇಲ್ಲೂ ಬೇಕಾಯಿತು ನೋಡಿ.

ವಾಪಸ್ ಹೋದ ದಿನವೇ ಲೆನ್ಸನ್ನು ಬ್ಯಾಗಿನಿಂದ ತೆಗೆದು ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವ ಶೇ. 40-50ರಲ್ಲಿ ನಿಲ್ಲಬೇಕು. ಒದ್ದೆ ಬ್ಯಾಗಿನಲ್ಲೇ ಬಿಟ್ಟರೆ ಗಾಜಿನ ಮೇಲೆ ಬೂಸ್ಟು ಕವಲೊಡೆಯುತ್ತದೆ. ಅದೂ ಅಪ್ಪಟ ಫ್ರ್ಯಾಕ್ಟಲ್ಲೇ, ಆದರೆ ಅದನ್ನು ತೆಗೆಯಲು ಇನ್ನೊಂದು ಲೆನ್ಸ್ ಬೇಕಾಗುತ್ತದೆ.