ಮಳೆ ಹಿಡಿಯುವ ಮೊದಲು ಆ ಮಣ್ಣನ್ನು ಎತ್ತಿ

(ಕಾಪು ಸಮೀಪದ ಓದುಗರೊಬ್ಬರ ಪತ್ರದ ಸಾರ: ಪಂಪ್‌ಸೆಟ್ಟಿಗೆಂದು ತಂದಿಟ್ಟಿದ್ದ ಡೀಸೆಲ್ ಕ್ಯಾನ್ ಮಗುಚಿ, ಸುಮಾರು 20 ಲೀಟರ್ ಅಡಿಕೆ ತೋಟದ ಅಂಚಿನ ಮಣ್ಣಿಗೆ ಇಳಿದಿದೆ. ಬಾವಿ ದೂರವಿಲ್ಲ. ಸುಡುಮಣ್ಣು ಮಾಡಿ ಎನ್ನುತ್ತಾರೆ ಒಬ್ಬರು, ಸೋಪಿನ ನೀರು ಹೊಯ್ದು ತೊಳೆಯಿರಿ ಎನ್ನುತ್ತಾರೆ ಇನ್ನೊಬ್ಬರು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಹುಡಿ ಸಿಗುತ್ತದಂತೆ, ತರಿಸಲೇ? ಮಣ್ಣು ಮತ್ತೆ ಸರಿಹೋದೀತೇ?)

ಸರಿಹೋಗುತ್ತದೆ. ಆದರೆ ಈಗ ಮೇ ತಿಂಗಳು, ನಿಮ್ಮ ಕೈಯಲ್ಲಿ ಹೆಚ್ಚು ದಿನಗಳಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಕೆಳಗಿರುವುದು ತೂತುತೂತಾದ ಮುರಕಲ್ಲು. ಮೊದಲ ನಾಲ್ಕು ಜಡಿಮಳೆಗೆ ಡೀಸೆಲ್ ಬಾವಿಯ ದಾರಿ ಹಿಡಿಯುತ್ತದೆ. ಸೋಪಿನ ನೀರು ಹೊಯ್ದರೆ ಮಳೆಗಾಗಿ ಕಾಯುವುದೂ ಬೇಡ, ಅದನ್ನು ನೀವೇ ಕೆಳಗೆ ಇಳಿಸಿದಂತೆ. ಸುಡುಮಣ್ಣಿನ ಮಾತಂತೂ ಖಂಡಿತ ಬೇಡ. ಬೆಂಕಿಯ ಅಪಾಯ ಒಂದು ಕಡೆ. ಮೇಲಿನದಷ್ಟೇ ಉರಿದು ಕರಿ ಹೊಗೆಯಾಗುತ್ತದೆ, ಆಳಕ್ಕೆ ಇಳಿದದ್ದು ಅಲ್ಲೇ ಉಳಿಯುತ್ತದೆ.

ವಾಸನೆ ಬರುವಷ್ಟು ಮಣ್ಣನ್ನು ಹಾರೆ, ಪಿಕ್ಕಾಸು ಹಿಡಿದು ಅಗೆದು ತೆಗೆಯಿರಿ. ಅಂಗೈಯಲ್ಲಿ ಒಂದು ಹಿಡಿ ಉಜ್ಜಿ ಮೂಸಿದರೆ ಎಲ್ಲಿಗೆ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ. ಕೈಗವಸು ಇರಲಿ, ಬೀಡಿ ಸಿಗರೇಟು ಹತ್ತಿರ ಸುಳಿಯದಿರಲಿ. ಎತ್ತರದ ಜಾಗದಲ್ಲಿ, ಮಾಡಿನ ಕೆಳಗೆ, ದಪ್ಪ ಟರ್ಪಾಲು ಹಾಸಿ ಅದರ ಮೇಲೆ ಎರಡು ಅಡಿಗಿಂತ ಕಡಿಮೆ ಎತ್ತರಕ್ಕೆ ಹರಡಿ. ತೆಗೆದ ಗುಂಡಿಯ ತಳಕ್ಕೆ ಉಮಿಕರಿ ಚೆಲ್ಲಿ. ಅಳಿದುಳಿದ ಡೀಸೆಲನ್ನು ಅದು ಹೀರಿ ಹಿಡಿದುಕೊಳ್ಳುತ್ತದೆ.

ಇನ್ನು ಕೆಲಸ ಮಾಡಬೇಕಾದವು ಮಣ್ಣಿನ ಸೂಕ್ಷ್ಮಜೀವಿಗಳು. ಡೀಸೆಲ್ ಎಂದರೆ ಬಹುಪಾಲು ಇಂಗಾಲ, ಅವುಗಳಿಗೆ ಅದು ಆಹಾರವೇ. ಆದರೆ ಬರೀ ಗಂಜಿ ಬಡಿಸಿದ ಊಟ ಅದು: ಸಾರಜನಕ ಇಲ್ಲ, ರಂಜಕ ಇಲ್ಲ. ಇಂಗಾಲ 100 ಪಾಲಿಗೆ ಸಾರಜನಕ 10, ರಂಜಕ 1 ಎಂಬುದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ನಿಮ್ಮ 20 ಲೀಟರಿನಲ್ಲಿ ಸುಮಾರು 14 ಕಿಲೋ ಇಂಗಾಲ ಇದೆ. ಹಾಗಾಗಿ ಯೂರಿಯಾ ಸುಮಾರು 3 ಕಿಲೋ, ಸೂಪರ್ ಫಾಸ್ಫೇಟ್ 2 ಕಿಲೋ. ಒಂದೇ ಸಲ ಸುರಿಯಬೇಡಿ, ಉಪ್ಪು ಹೆಚ್ಚಾಗಿ ಜೀವಿಗಳೇ ಸೊರಗುತ್ತವೆ. ಮೂರು ಕಂತು ಮಾಡಿ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಧಾರಾಳವಾಗಿ ಬೆರೆಸಿದರೆ ಯೂರಿಯಾ ಇನ್ನೂ ಕಡಿಮೆ ಸಾಕು. ಗೊಬ್ಬರದ ಜೊತೆ ಹೊಸ ಜೀವಿಗಳೂ ಬರುತ್ತವೆ, ಮಣ್ಣೂ ಸಡಿಲವಾಗುತ್ತದೆ. ಗಾಳಿಯಾಡಲೆಂದು ಅಡಿಕೆ ಸಿಪ್ಪೆಯ ಚೂರು ಸ್ವಲ್ಪ ಸೇರಿಸಬಹುದು. ಹಸಿ ತೆಂಗಿನ ನಾರಿನ ಹುಡಿ ಮಾತ್ರ ಬೇಡ. ಅದು ಕೊಳೆಯುವಾಗ ಇದ್ದ ಸಾರಜನಕವನ್ನೂ ತಾನೇ ಎಳೆದುಕೊಳ್ಳುತ್ತದೆ.

ನಮ್ಮ ಮಣ್ಣು ಹುಳಿ. ಈ ಜೀವಿಗಳು ಚುರುಕಾಗಿರುವುದು ಪಿಎಚ್ 6ರಿಂದ 8ರ ನಡುವೆ. ಪರೀಕ್ಷೆ ಮಾಡಿಸಿ ಕೃಷಿ ಸುಣ್ಣ ಹಾಕಿ. ಸುಣ್ಣ ಬೆರೆಸಿದ ದಿನವೇ ಯೂರಿಯಾ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಎರಡು ವಾರವಾದರೂ ಬಿಡಿ.

ವಾರಕ್ಕೊಮ್ಮೆ ಮಗುಚಿ ಹಾಕುವುದೇ ಎಲ್ಲಕ್ಕಿಂತ ಮುಖ್ಯ. ಆಮ್ಲಜನಕ ಸಿಗದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಡೀಸೆಲ್ ಬೇಗ ಕರಗದು. ತೇವ ಎಷ್ಟೆಂದರೆ, ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು.

ಬ್ಯಾಕ್ಟೀರಿಯಾದ ಹುಡಿಗೆ ದುಡ್ಡು ಹಾಕಬೇಡಿ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಸುಳ್ಳಲ್ಲ: ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಅಂಥದೊಂದನ್ನು ರೂಪಿಸಿದ್ದರು, ಅದರ ಪೇಟೆಂಟಿಗೆ ಅಮೆರಿಕದ ಸುಪ್ರೀಂ ಕೋರ್ಟು 1980ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದ ತೈಲಬಾವಿಗಳ ಕೆಸರಿಗೆ ಟೆರಿ ಸಂಶೋಧನಾ ಸಂಸ್ಥೆಯ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ಬಳಕೆಯಾಗಿದೆ. ಆದರೆ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಅಲಾಸ್ಕದ ದಡಕ್ಕೆ ಬಡಿದಾಗ, ಅಲ್ಲಿ ಮೊದಲೇ ಇದ್ದ ಜೀವಿಗಳಿಗೆ ಗೊಬ್ಬರ ಉಣಿಸಿದ್ದೇ ಗುಣ ಕೊಟ್ಟಿತು. ಅಂಥ ಚಳಿಯಲ್ಲೇ ಅವು ದುಡಿದವು. ನಮ್ಮ ಕರಾವಳಿಯ ಸೆಖೆ ಅವುಗಳಿಗೆ ಹೇಳಿ ಮಾಡಿಸಿದ್ದು.

ಬಾವಿಯ ವಿಚಾರ. ನೀರಿನ ಮೇಲೆ ಬಣ್ಣದ ಪೊರೆ ಕಂಡ ಕೂಡಲೇ ಗಾಬರಿ ಬೀಳಬೇಡಿ. ನಮ್ಮ ಕೆಂಪು ನೆಲದ ಬಾವಿಗಳಲ್ಲಿ ಕಬ್ಬಿಣದ ಬ್ಯಾಕ್ಟೀರಿಯಾ ಕೂಡ ಅಂಥದೇ ಪೊರೆ ಕಟ್ಟುತ್ತದೆ. ಕೊಡಪಾನದಲ್ಲಿ ನೀರು ಸೇದಿ ಕಡ್ಡಿಯಿಂದ ಕದಡಿ: ಪೊರೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ್ದು, ಮತ್ತೆ ಕೂಡಿಕೊಂಡರೆ ಎಣ್ಣೆಯದ್ದು. ವಾಸನೆ ಬಂದರಂತೂ ಆ ನೀರು ಕುಡಿಯಬೇಡಿ. ಕುದಿಸಿದರೆ ಶುದ್ಧವಾಗುತ್ತದೆ ಎಂದು ನಂಬಬೇಡಿ. ನೀರಿನ ಪರೀಕ್ಷೆಗೆ ಕೊಡುವಾಗ ಡೀಸೆಲ್ ಚೆಲ್ಲಿದೆ ಎಂದು ಬಾಯಿಬಿಟ್ಟು ಹೇಳಿ, ಮಾಮೂಲಿ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಇಳಿಜಾರಿನ ಕೆಳಗಿನ ಮನೆಯವರಿಗೂ ಇವತ್ತೇ ತಿಳಿಸಿ. ಸಂಕೋಚವಾಗಬಹುದು, ಆದರೆ ಅವರ ಮಕ್ಕಳೂ ಕುಡಿಯುವುದು ಬಾವಿ ನೀರನ್ನೇ.

ಮೂರರಿಂದ ಆರು ತಿಂಗಳು ಹಿಡಿಯಬಹುದು. ವಾಸನೆ ಹೋದ ಮೇಲೆ ಆ ಮಣ್ಣು ಒಂದು ಚಟ್ಟಿಯಲ್ಲಿ, ತೋಟದ ಬೇರೆ ಕಡೆಯ ಮಣ್ಣು ಇನ್ನೊಂದರಲ್ಲಿ ಹಾಕಿ ಹೆಸರುಕಾಳು ಬಿತ್ತಿ ನೋಡಿ. ಎರಡರಲ್ಲೂ ಮೊಳಕೆ ಒಂದೇ ಹದದಲ್ಲಿ ಎದ್ದರೆ ಹೂಗಿಡದ ಬುಡಕ್ಕೆ ಹಾಕಲು ಅಡ್ಡಿಯಿಲ್ಲ. ಬಸಳೆ, ಹರಿವೆಯ ಸಾಲಿಗೆ ಮಾತ್ರ, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದೆ ಒಂದು ಬುಟ್ಟಿಯನ್ನೂ ಹಾಕಬೇಡಿ.

– ಸಂಪಾದಕ