ಬರಹಗಾರರಿಗೆ ಸಲಹೆ: ಬಲಬದಿ ಅಂದರೆ ಯಾರ ಬಲ?

ಹಾವೇರಿಯ ಲೇಖಕರಿಗೆ ನಮಸ್ಕಾರ.

ಲಾಳ ಹೊಡೆಯುವವರ ಜೊತೆ ಓಡಾಡಿ ಕುದುರೆ ಗೊರಸಿನ ಬಗ್ಗೆ ನೀವು ಬರೆದ ಲೇಖನ ಧಾರವಾಡದ ನಮ್ಮ ಕಚೇರಿಗೆ ತಲುಪಿದೆ. ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ಚೆನ್ನಾಗಿದೆ, ಅದಕ್ಕೇ ತಿದ್ದಿ ಕಳಿಸಿ ಅನ್ನುತ್ತಿದ್ದೇನೆ.

ಅಶ್ವಮೇಧದ ಕುದುರೆ, ರಾಣಾ ಪ್ರತಾಪನ ಚೇತಕ್ ಇರುವ ಮೊದಲ ಒಂದೂವರೆ ಪುಟ ಬೇಡ. ಗೊರಸಿನಿಂದಲೇ ಶುರು ಮಾಡಿ.

ದೊಡ್ಡ ತೊಂದರೆ ಇರುವುದು ದಿಕ್ಕುಗಳಲ್ಲಿ. ಎಡ ಮುಂಗಾಲಿನ ಗೊರಸಿನ "ಬಲಬದಿಗೆ" ಕೀವು ಕಟ್ಟಿತ್ತು ಅಂತ ಬರೆದಿದ್ದೀರಿ. ಯಾರ ಬಲ? ಲಾಳ ಹೊಡೆಯುವವರು ಬಾಲದ ಕಡೆ ಮುಖ ಮಾಡಿ ನಿಂತು ಕಾಲು ಎತ್ತಿ ಹಿಡಿಯುತ್ತಾರೆ. ಎಡಗಾಲು ಹಿಡಿದಾಗ ಅವರ ಬಲಕ್ಕೆ ಬರುವುದು ಗೊರಸಿನ ಹೊರಬದಿ. ಬಲಗಾಲು ಹಿಡಿದಾಗ ಅದೇ ಬಲಕ್ಕೆ ಒಳಬದಿ ಬರುತ್ತದೆ. ಸಾಲದ್ದಕ್ಕೆ ಅಂಗಾಲು ಮೇಲಾಗಿರುತ್ತದೆ, ಮುಂಗಾಲಿನ ಗೊರಸಿನ ಮುಂತುದಿ ಬಾಲದ ಕಡೆ ತಿರುಗಿರುತ್ತದೆ. ನೀವು ಕಂಡ ಹಾಗೆ ಬರೆದಿದ್ದೀರಿ, ಸರಿ. ಆದರೆ ಓದುವವರ ಕಣ್ಣಲ್ಲಿ ಕುದುರೆ ನಾಲ್ಕೂ ಕಾಲೂರಿ ನಿಂತಿರುತ್ತದೆ, ಅಲ್ವಾ? ಪಶುವೈದ್ಯರು ಮೀಡಿಯಲ್, ಲ್ಯಾಟರಲ್ ಅನ್ನುವುದು ಇದಕ್ಕೇ. ಮೈಯ ನಡುಗೆರೆಯ ಕಡೆಗಿರುವ ಬದಿ ಮೀಡಿಯಲ್, ಆಚೆ ಬದಿ ಲ್ಯಾಟರಲ್. ನೋಡುವವರು ಎಲ್ಲಿ ನಿಂತರೂ ಅದು ಬದಲಾಗುವುದಿಲ್ಲ. ನಿಮ್ಮ "ಒಳಗಡೆ" ಕೂಡ ಒಮ್ಮೆ ಒಳಬದಿ ಆಗುತ್ತದೆ, ಇನ್ನೊಮ್ಮೆ ಗೋಡೆಯ, ಅಂದರೆ ಗೊರಸಿನ ಗಟ್ಟಿ ಹೊರಚಿಪ್ಪಿನ, ಒಳಪದರ ಆಗುತ್ತದೆ. ಎರಡನ್ನೂ ಬೇರೆ ಮಾಡಿ.

"ಡಾರ್ಸಲ್ ಅಂದರೆ ಬೆನ್ನಿನ ಕಡೆ, ಹಾಗಾಗಿ ಗೊರಸಿನ ಮೇಲ್ಭಾಗ" ಅನ್ನುವುದು ತಪ್ಪು. ಮುಂಡದ ಮಟ್ಟಿಗೆ ಬೆನ್ನಿನ ಕಡೆ ನಿಜ. ಗೊರಸಿನಲ್ಲಿ ಡಾರ್ಸಲ್ ಅಂದರೆ ಮುಂಭಾಗ. ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುತ್ತದೆ. ಮುಂಗಾಲಿನಲ್ಲಿ ಅದು ನಮ್ಮ ನಡುಬೆರಳಿಗೆ ಸಮ. ಅಲ್ಲಿ ನಾವು ಮೊಣಕಾಲು ಅನ್ನುವುದು ನಿಜಕ್ಕೂ ಮಣಿಕಟ್ಟು. ನಡುಬೆರಳಿನ ತುದಿಯನ್ನು ಮೇಜಿಗೆ ಊರಿ ಕೈ ನೆಟ್ಟಗೆ ನಿಲ್ಲಿಸಿ ನೋಡಿ. ಹಸ್ತದ ಬೆನ್ನಿನ ಕಡೆ ಡಾರ್ಸಲ್, ಅಂಗೈ ಕಡೆ ಪಾಮರ್. ಹಿಂಗಾಲಿನಲ್ಲಿ ಪಾಮರ್ ಬದಲು ಪ್ಲಾಂಟರ್ ಅನ್ನಬೇಕು. ನೀವು ನಾಲ್ಕೂ ಕಾಲಿಗೆ ಪಾಮರ್ ಹಾಕಿದ್ದೀರಿ. ಗದಗಿನ ಪಶುವೈದ್ಯಕೀಯ ಕಾಲೇಜಿನ ಹುಡುಗರ ಕೈಗೆ ಇದು ಸಿಕ್ಕರೆ ನಮ್ಮಿಬ್ಬರನ್ನೂ ಬಿಡುವುದಿಲ್ಲ!

ಲ್ಯಾಮಿನೈಟಿಸ್ (ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರದ ಉರಿಯೂತ) ಬಗ್ಗೆ ಬರೆದ ಕಡೆ ಈ ತಪ್ಪು ಜಾಸ್ತಿ ಕಾಡುತ್ತದೆ. ಆ ಕಾಯಿಲೆ ಜೋರಾದಾಗ ಗೊರಸಿನೊಳಗಿನ ಮೂಳೆ ಡಾರ್ಸಲ್ ಗೋಡೆಯ ಹಿಡಿತ ಕಳೆದುಕೊಳ್ಳುತ್ತದೆ, ಅದರ ತುದಿ ಅಂಗಾಲಿನ ಕಡೆ ಬಾಗುತ್ತದೆ. "ಮೇಲ್ಭಾಗದಿಂದ ಕಳಚುತ್ತದೆ" ಅಂದರೆ ಓದುಗರು ಕೂದಲಂಚಿನ, ಅಂದರೆ ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನ, ಹತ್ತಿರ ಹುಡುಕುತ್ತಾರೆ.

ಪ್ರಾಕ್ಸಿಮಲ್ (ಕಾಲಿನಲ್ಲಿ ಮೈಗೆ ಹತ್ತಿರದ ಕಡೆ), ಡಿಸ್ಟಲ್ (ಮೈಯಿಂದ ದೂರದ ಕಡೆ) ಸರಿಯಾಗಿ ಬಂದಿವೆ, ಆದರೆ ಸುಮ್ನೆ ಅರ್ಥ ಹೇಳಿ ಬಿಟ್ಟಿದ್ದೀರಿ. ಗೋಡೆ ಕೂದಲಂಚಿನಿಂದ ನೆಲದ ಕಡೆಗೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮುಂಭಾಗದಲ್ಲಿ ಅಂಚಿನ ಹತ್ತಿರ ಆದ ಗಾಯದ ಗುರುತು ನೆಲ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹಿಮ್ಮಡಿ ಕಡೆ ಗೋಡೆ ಗಿಡ್ಡ, ಅಲ್ಲಿ ಬೇಗ. ಗುರುತು ಎಷ್ಟು ಕೆಳಗಿದೆ ಅಂತ ನೋಡಿ ಗಾಯ ಯಾವಾಗ ಆಗಿರಬಹುದು ಅಂತ ಅಂದಾಜು ಮಾಡಬಹುದು. ಇದನ್ನು ಬರೆಯಿರಿ.

ಎತ್ತಿನ ಪ್ಯಾರಾ ಮಾತ್ರ ತೆಗೆಯಬೇಡಿ. ನಮ್ಮ ಕಡೆ ಕುದುರೆಗಿಂತ ಎತ್ತು ಕಂಡವರೇ ಜಾಸ್ತಿ. ಎತ್ತಿನದು ಸೀಳು ಗೊರಸು, ಒಂದು ಕಾಲಿಗೆ ಎರಡು ಲಾಳ. ಎರಡು ಗೊರಸು ಪರಸ್ಪರ ಎದುರಾಗುವ ಬದಿಗೆ ಆಕ್ಸಿಯಲ್, ಹೊರಗಿನ ಬದಿಗೆ ಅಬಾಕ್ಸಿಯಲ್ ಅನ್ನುತ್ತಾರೆ. ಅದನ್ನೂ ಸೇರಿಸಿ.

ಕಳಿಸಿದ ಆರು ಫೋಟೊಗಳಲ್ಲಿ ಯಾವುದು ಯಾವ ಕಾಲು ಅಂತ ಗೊತ್ತಾಗುವುದಿಲ್ಲ. ಒಂದೇ ಒಂದು ರೇಖಾಚಿತ್ರ ಬರೆಸಿ. ಎಡ ಮುಂಗಾಲು, ನೆಲಕ್ಕೆ ಊರಿದ್ದು, ಬಾಣದ ಗುರುತುಗಳ ಸಮೇತ. ಉಳಿದ ಲೇಖನ 3 ಪುಟ ಮೀರದಿರಲಿ.