ಹಾಲ್ ಬುಕ್ ಆದ ಮೇಲೆ ಕೇಳಿದ ಪ್ರಶ್ನೆ

ಚರ್ಚಿನಲ್ಲಿ ಮದುವೆಯಾಗುವ ಜೋಡಿಗಳು ಆಪ್ತಸಲಹೆಗೆ ಬರುವ ಹೊತ್ತಿಗೆ ಬಹುತೇಕ ಎಲ್ಲವೂ ಗೊತ್ತಾಗಿರುತ್ತದೆ. ಹಾಲ್‌ಗೆ ಮುಂಗಡ ಹೋಗಿದೆ, ಆಮಂತ್ರಣ ಪತ್ರಿಕೆ ಅಚ್ಚಿನಲ್ಲಿದೆ, ಫೋಟೊದವರ ಜೊತೆ ಮಾತು ಮುಗಿದಿದೆ. ಧರ್ಮಕೇಂದ್ರದ (ಪ್ಯಾರಿಷ್, ಅಂದರೆ ತಾವು ಸೇರಿದ ಚರ್ಚಿನ) ಗುರುಗಳನ್ನು ಕಾಣುವುದೊಂದು ಬಾಕಿ. ಹೀಗೆ ಹಿಂದುಮುಂದಾದ ತಯಾರಿಯಿಂದ ಒಂದೇ ಬಗೆಯ ಸಂಕಟ ಪದೇ ಪದೇ ಎದುರಾಗುತ್ತಿದೆ, ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದೆ.

ರೀಟಾ, ಜೋಯಲ್ ಇಬ್ಬರೂ ಕಥೋಲಿಕರು. ಬೇರೆ ಬೇರೆ ಧರ್ಮಕೇಂದ್ರದವರು. ಹಿರಿಯರು ತೋರಿಸಿ, ಇವರಿಬ್ಬರೂ ಒಪ್ಪಿದ ಸಂಬಂಧ. ಮದುವೆಗೆ ಏಳು ವಾರ ಇದ್ದಾಗ ವಿವಾಹಪೂರ್ವ ವಿಚಾರಣೆಗೆ ಹೋದರು. ಅದು ಬರೀ ಫಾರ್ಮ್ ತುಂಬುವ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಗುರುಗಳು ವಧುವನ್ನೂ ವರನನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತಾರೆ: ಮೊದಲು ಮದುವೆಯಾಗಿತ್ತೇ, ನಿಮ್ಮಿಬ್ಬರಲ್ಲಿ ರಕ್ತಸಂಬಂಧ ಇದೆಯೇ, ಮಕ್ಕಳನ್ನು ಪಡೆಯುವ ಮನಸ್ಸಿದೆಯೇ, ಸಾಯುವ ತನಕದ ಬಂಧ ಇದೆಂದು ಒಪ್ಪುತ್ತೀರಾ, ಯಾರಾದರೂ ಬಲವಂತ ಮಾಡಿದ್ದಾರೆಯೇ. ಉತ್ತರ ಬರೆದುಕೊಂಡು ಸಹಿ ಹಾಕಿಸುತ್ತಾರೆ. ಕೊನೆಯ ಪ್ರಶ್ನೆಗೆ ರೀಟಾ ಕೊಟ್ಟ ಉತ್ತರ ಕೇಳಿ ಗುರುಗಳು ಪೆನ್ನು ಕೆಳಗಿಟ್ಟು, "ಒಂದು ಸಲ ಆಪ್ತಸಲಹೆಗಾರರ ಹತ್ರ ಮಾತಾಡಿ ಬನ್ನಿ" ಎಂದು ಕಳಿಸಿದರು. ಆಕೆ ಏನಂದಳೆಂದು ಅವರು ನನಗೆ ತಿಳಿಸಲಿಲ್ಲ, ತಿಳಿಸಬೇಕಾಗಿಯೂ ಇರಲಿಲ್ಲ.

ಬಂದು ಕೂತವಳು ಅರ್ಧ ಗಂಟೆ ಅತಿಥಿಗಳ ಪಟ್ಟಿಯ ಬಗ್ಗೆಯೇ ಮಾತಾಡಿದಳು. ಕೊನೆಗೆ ನೇರವಾಗಿ ಕೇಳಿದೆ: "ಬಲವಂತ ಇದೆಯಾ ಅಂತ ಫಾದರ್ ಕೇಳಿದ್ದಕ್ಕೆ ಏನು ಹೇಳಿದ್ರಿ?"

"ಹಾಲ್ ಬುಕ್ ಆಗಿದೆ ಫಾದರ್ ಅಂದೆ."

"ಬುಕ್ ಆಗಿರದೇ ಇದ್ದಿದ್ರೆ?"

ತುಂಬ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಇಂಥ ಹೊತ್ತಿನಲ್ಲಿ ಸಮಾಧಾನದ ಮಾತಾಡಿದರೆ ಬರಬೇಕಾದ ಮಾತು ಬರುವುದೇ ಇಲ್ಲ. ಆಮೇಲೆ ಹೇಳಿದಳು: "ಜೋಯಲ್ ಬೇಡ ಅಂತಲ್ಲ ಮೇಡಂ. ಮದುವೆ ಆದ್ಮೇಲೆ ನಾನು ಕೆಲ್ಸ ಬಿಡ್ತೀನಿ ಅಂತ ಅವರ ಮನೇಲಿ ಅಂದ್ಕೊಂಡಿದ್ದಾರಂತೆ, ಅವರ ಅಕ್ಕನಿಂದ ಗೊತ್ತಾಯ್ತು. ನಾವಿಬ್ರು ಸಿಕ್ಕಾಗೆಲ್ಲ ಬಟ್ಟೆ, ಕಾರ್ಡು, ಯಾರನ್ನ ಕರೀಬೇಕು, ಇಷ್ಟೇ ಮಾತು. ಈಗ ಕೇಳಿದ್ರೆ ಎಲ್ಲ ನಿಂತುಹೋಗುತ್ತೆ ಅಂತ ಭಯ. ಅಮ್ಮನ ಹತ್ರ ಹೇಳ್ದೆ. ಎರಡು ವರ್ಷ ನೋಡು, ಹೊಂದದಿದ್ರೆ ವಾಪಸ್ ಬಾ, ನಾವಿದ್ದೀವಲ್ಲ ಅಂದ್ರು."

ತಾಯಿ ಆಡಿದ್ದು ಮಗಳ ಮೇಲಿನ ಮಮತೆಯಿಂದಲೇ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಮಾತು. 'ಎರಡು ವರ್ಷ ನೋಡುತ್ತೇನೆ' ಎಂಬ ನಿರ್ಧಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಪೀಠದ ಮುಂದೆ 'ಜೀವಮಾನವಿಡೀ' ಎಂದರೆ ಅಲ್ಲಿ ಸಮ್ಮತಿಯೇ ಇಲ್ಲದಂತಾಗುತ್ತದೆ. ಧರ್ಮಸಭೆಯ (ಕಥೋಲಿಕ ಚರ್ಚ್ ಸಂಸ್ಥೆಯ) 1983ರ ಕಾನೂನು ಸಂಹಿತೆಯ 1057ನೇ ವಿಧಿಯ ಪ್ರಕಾರ ಮದುವೆಯನ್ನು ಮದುವೆಯಾಗಿಸುವುದು ಇಬ್ಬರ ಸಮ್ಮತಿ. ಅದನ್ನು ಬೇರೆ ಯಾವ ಮನುಷ್ಯನೂ ಅವರ ಪರವಾಗಿ ಕೊಡಲಾರ. ಶಾಶ್ವತ ಬಂಧವೆಂಬುದನ್ನು ಬುದ್ಧಿಪೂರ್ವಕ ಹೊರಗಿಟ್ಟು ಆಡಿದ ಮಾತು ಅಸಿಂಧು ಎನ್ನುತ್ತದೆ 1101ನೇ ವಿಧಿ. ಗಂಭೀರ ಭಯಕ್ಕೆ ಸಿಕ್ಕಿ ಕೊಟ್ಟ ಒಪ್ಪಿಗೆಯೂ ಅಸಿಂಧುವೇ, ಅದು 1103. ರೀಟಾಳ ಭಯ ಆ ಮಟ್ಟದ್ದೆಂದು ನಾನು ತೀರ್ಮಾನಿಸಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಮುಂದೆ ಧರ್ಮಸಭೆಯ ನ್ಯಾಯಮಂಡಳಿಯ ಎದುರು ಸಾಕ್ಷಿಗಳನ್ನು ಕೂರಿಸಿ ಬಿಡಿಸಬೇಕಾದ ಗಂಟನ್ನು ಈಗಲೇ ಇಬ್ಬರೂ ಕೂತು ಬಿಡಿಸಬಹುದಿತ್ತು.

ಹಾಗಾಗಿ ಆಕೆಗೆ ಹೇಳಿದ್ದಿಷ್ಟು: ಈ ವಾರವೇ ಜೋಯಲ್‌ನನ್ನು ಒಬ್ಬನನ್ನೇ ಕಂಡು ಮಾತಾಡಿ. ಮದುವೆಯ ಏರ್ಪಾಡಿನ ಸುದ್ದಿ ಬೇಡ. ಕೆಲಸ, ಸಂಬಳ ಯಾರ ಕೈಯಲ್ಲಿ, ಯಾರ ಜೊತೆ ವಾಸ, ಮಕ್ಕಳು ಯಾವಾಗ, ಈ ನಾಲ್ಕೇ ವಿಷಯ. ಅಕ್ಕ ಹೇಳಿದ್ದನ್ನು ದೂರಾಗಿ ಹೇಳದೆ ಪ್ರಶ್ನೆಯಾಗಿ ಕೇಳಿ. ಏನು ತೀರ್ಮಾನವಾಯಿತೆಂದು ನೀವೇ ಗುರುಗಳಿಗೆ ತಿಳಿಸಿ. ಅಲ್ಲಿಯವರೆಗೆ ಚರ್ಚಿನಲ್ಲಿ ಮದುವೆ ಪ್ರಕಟಣೆ ಓದಿಸಬೇಡಿ, ದಿನ ಮುಂದಕ್ಕೆ ಹಾಕಿ.

ಕೊನೆಯ ಸಲಹೆಗೆ ಎರಡೂ ಮನೆಯವರು ಕೋಪಗೊಂಡರು. ಕೂಡಿಸಬೇಕಾದವರೇ ಮುರಿಯಲು ಹೊರಟಿದ್ದೀರಿ ಎಂಬ ಮಾತೂ ಬಂತು. ನಾನು ಅದನ್ನು ಒಪ್ಪುವುದಿಲ್ಲ. ಏಳು ವಾರದಲ್ಲೂ ಮಾತಾಡಬಹುದು, ನಿಜ. ಆದರೆ ತಾರೀಖು ಹತ್ತಿರವಾದಷ್ಟೂ 'ಆಗಲಿ ಬಿಡು' ಎನ್ನುವುದೇ ಸುಲಭವಾಗುತ್ತದೆ, ಅದನ್ನೇ ಜನ ಒಪ್ಪಿಗೆ ಎಂದುಕೊಳ್ಳುತ್ತಾರೆ. ಈ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ. ಗುರುಗಳು ಅವರ ಸಮ್ಮತಿಯನ್ನು ಧರ್ಮಸಭೆಯ ಹೆಸರಿನಲ್ಲಿ ಸ್ವೀಕರಿಸುತ್ತಾರೆ. ಕೊಡುವವರಲ್ಲೇ ಅಳುಕಿದ್ದರೆ ಮಿಕ್ಕ ಸಂಭ್ರಮವೆಲ್ಲ ಯಾವ ಉಪಯೋಗಕ್ಕೆ?

ಇಬ್ಬರೂ ಮಾತಾಡಿದರು. ಕೆಲಸ ಬಿಡುವ ವಿಷಯ ಜೋಯಲ್‌ನ ತಾಯಿಯ ಊಹೆಯಾಗಿತ್ತು. ಅವನು ಅದನ್ನು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ. ತಾಯಿಗೆ ಅವನೇ ಹೇಳಿದ. ಮದುವೆ ಒಂಬತ್ತು ವಾರ ಮುಂದಕ್ಕೆ ಹೋಯಿತು. ಹಾಲ್‌ನವರು ಮುಂಗಡದಲ್ಲಿ ಸ್ವಲ್ಪ ಮುರಿದುಕೊಂಡು ಬೇರೆ ದಿನ ಕೊಟ್ಟರು.

ಎರಡನೇ ಸಲ ಅವರು ಕೆಲಸವನ್ನು ಸರಿಯಾದ ತುದಿಯಿಂದ ಹಿಡಿದರು. ಓದುಗರಿಗೆ ಉಪಯೋಗವಾಗುವುದು ಇದೇ ಎಂದು ವಿವರವಾಗಿ ಬರೆಯುತ್ತೇನೆ. ಮೊದಲು ಧರ್ಮಕೇಂದ್ರದ ಕಚೇರಿ. ಚರ್ಚ್ ಬಿಡುವಿರುವ ದಿನ ಮತ್ತು ಗಂಟೆ ಗುರುಗಳ ಬಾಯಿಂದ ಬಂದು ಡೈರಿಯಲ್ಲಿ ದಾಖಲಾದ ಮೇಲೆ ಹಾಲ್. ಆರು ತಿಂಗಳು ಮುಂಚೆ ಹೋದರೆ ಯಾರಿಗೂ ಅವಸರವಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ತಪಸ್ಸುಕಾಲದಲ್ಲಿ ಸಾಮಾನ್ಯವಾಗಿ ಪೀಠಕ್ಕೆ ಹೂವಿನ ಅಲಂಕಾರ ಇರುವುದಿಲ್ಲ. ಶುಭ ಶುಕ್ರವಾರ ಮತ್ತು ಪವಿತ್ರ ಶನಿವಾರ ಮದುವೆಯ ಮಾತೇ ಇಲ್ಲ. ಅದೇ ದಿನ ಇನ್ನೊಂದು ಬಲಿಪೂಜೆ (ಮಾಸ್) ಇದ್ದರೆ ಫೋಟೊಗೆ ಎಷ್ಟು ಹೊತ್ತು ಉಳಿಯುತ್ತದೆಂದು ಆಗಲೇ ಕೇಳಿಡಬೇಕು.

ಹೆಚ್ಚು ಜನ ಎಡವುವುದು ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರದಲ್ಲಿ. ಜೋಯಲ್ ಮನೆಯಲ್ಲಿದ್ದ, ಲ್ಯಾಮಿನೇಟ್ ಮಾಡಿಸಿದ ಹಳೆಯ ಪತ್ರ ತಂದಿದ್ದ. ಅದು ನಡೆಯುವುದಿಲ್ಲ. ಕಥೋಲಿಕರ ಮದುವೆಯಾದಾಗ ಅದನ್ನು ಅವರ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲೂ ಬರೆಯುತ್ತಾರೆ. ಆದ್ದರಿಂದ ಅವರು ಮದುವೆಗೆ ಮುಕ್ತರೋ ಎಂಬುದು ಹೊಸದಾಗಿ ತೆಗೆಸಿದ ಪ್ರತಿಯಿಂದಲೇ ತಿಳಿಯಬೇಕು. ಸಾಮಾನ್ಯವಾಗಿ ಆರು ತಿಂಗಳೊಳಗಿನ ಪ್ರತಿ ಕೇಳುತ್ತಾರೆ. ಜ್ಞಾನಸ್ನಾನ ಆದ ಚರ್ಚ್ ದೂರದಲ್ಲಿದ್ದರೆ ಪತ್ರ ಬರೆದು ತರಿಸಲು ವಾರಗಳು ಹಿಡಿಯುತ್ತವೆ. ಪುಸ್ತಕದಲ್ಲಿರುವ ಹೆಸರಿಗೂ ಗುರುತಿನ ಚೀಟಿಯಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಇನ್ನೂ ತಡ. ವರ ಅಥವಾ ವಧು ಬೇರೆ ಕ್ರೈಸ್ತ ಸಭೆಯವರಾದರೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ಜ್ಞಾನಸ್ನಾನವೇ ಆಗಿರದವರಾದರೆ ವಿನಾಯಿತಿ ಬೇಕು, ಅದಿಲ್ಲದೆ ನಡೆದ ಮದುವೆ ಸಿಂಧುವಲ್ಲ. ಈ ಅರ್ಜಿಯನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಮದುವೆ ತಯಾರಿ ಶಿಬಿರ ಯಾವಾಗ ನಡೆಯುತ್ತದೆ, ಪ್ರಕಟಣೆ ಎರಡೂ ಧರ್ಮಕೇಂದ್ರಗಳಲ್ಲಿ ಎಷ್ಟು ಸಲ ಆಗಬೇಕು, ಸರ್ಕಾರಿ ನೋಂದಣಿಗೆ ಬೇರೆ ಏನು ಬೇಕು, ಇವನ್ನೂ ಮೊದಲ ಭೇಟಿಯಲ್ಲೇ ಬರೆದುಕೊಂಡು ಬನ್ನಿ.

ಪೂಜೆಯ ತಯಾರಿಯಲ್ಲಿ ಬೈಬಲ್ ವಾಚನಗಳ ಆಯ್ಕೆಯನ್ನು ಬೇರೆಯವರಿಗೆ ಬಿಟ್ಟುಬಿಡುವವರೇ ಹೆಚ್ಚು. ವಧೂವರರು ಒಟ್ಟಿಗೆ ಕೂತು ಆರಿಸಿದರೆ ಒಳ್ಳೆಯದು. ಹಾಡುಗಳ ಪಟ್ಟಿಯನ್ನು ಗಾಯನಮಂಡಳಿಗೆ ಕೊಡುವ ಮೊದಲು ಗುರುಗಳಿಗೆ ತೋರಿಸಿ. ಸಿನಿಮಾ ಹಾಡಿನ ಆಸೆಯನ್ನು ಹಾಲ್‌ಗೆ ಉಳಿಸಿಕೊಳ್ಳಿ. ಹಿಂದಿನ ದಿನದ ಅಭ್ಯಾಸಕ್ಕೆ ಇಬ್ಬರು ಸಾಕ್ಷಿಗಳು, ವಾಚಕರು, ಉಂಗುರ ಹಿಡಿಯುವವರು ಬರಲೇಬೇಕು. ಗುರುಗಳ ಪ್ರಬೋಧನೆ (ಉಪದೇಶ) ಮುಗಿದ ಮೇಲೆ ಬರುವ ಪ್ರಶ್ನೆಗಳು, ಬಲಗೈ ಹಿಡಿದು ಹೇಳುವ ಸಮ್ಮತಿಯ ಮಾತು, ಇವನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ಸಮ್ಮತಿಯ ಹೊತ್ತಿಗೆ ಫೋಟೊದವರು ಜೋಡಿಗೂ ಗುರುಗಳಿಗೂ ನಡುವೆ ಬಂದು ನಿಲ್ಲಬಾರದೆಂದು ಅಂದೇ ತಿಳಿಸಿ. ಪ್ರಬೋಧನೆಯ ನಂತರದ ಆ ಪ್ರಶ್ನೆಗಳಲ್ಲಿ ಮೊದಲನೆಯದು ಯಾವುದೇ ಒತ್ತಾಯವಿಲ್ಲದೆ ಬಂದಿದ್ದೀರಾ ಎಂಬುದೇ. ಅಭ್ಯಾಸದ ದಿನ ರೀಟಾ ಅದಕ್ಕೆ "ಹೌದು" ಎಂದಳು, ಮೈಕ್ ಬೇಕಾಗಲಿಲ್ಲ ಎಂದು ಜೋಯಲ್ ಆಮೇಲೆ ಹೇಳಿದ.

ಮದುವೆ ಮುಗಿದ ಕೂಡಲೇ ದಾಖಲೆ ಪುಸ್ತಕದಲ್ಲಿ ಸಹಿ ಆಗುತ್ತದೆ. ಹೆಸರಿನ ಅಕ್ಷರಗಳನ್ನು ಓದಿ ನೋಡಿಯೇ ಸಹಿ ಮಾಡಿ. ನಿಮ್ಮ ಜ್ಞಾನಸ್ನಾನದ ಧರ್ಮಕೇಂದ್ರಗಳಿಗೆ ಮದುವೆಯ ತಿಳಿವಳಿಕೆ ಪತ್ರ ಹೋಗಬೇಕು. ಒಂದೆರಡು ತಿಂಗಳಾದ ಮೇಲೆ ಅಲ್ಲಿ ನಮೂದಾಗಿದೆಯೇ ಎಂದು ಒಂದು ಫೋನ್ ಮಾಡಿ ಕೇಳಿ.